ಎಷ್ಟು ಬಿಎಚ್‌ಪಿ ಎನ್ನುವ ಮೊದಲು

ರಾತ್ರಿ ಹನ್ನೊಂದು ದಾಟಿದ ಮೇಲೆ ಬೆಂಗಳೂರಿನ ಹೊರವಲಯದ ಹೆದ್ದಾರಿಗಳಲ್ಲಿ ಒಂದು ಕೆಲಸ ನಡೆಯುತ್ತದೆ. ಒಬ್ಬ ಕಾರು ಓಡಿಸುತ್ತಾನೆ, ಪಕ್ಕದ ಸೀಟಿನವನು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿರುತ್ತಾನೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ನಿಂದ ಲ್ಯಾಪ್‌ಟಾಪಿಗೆ ವೈರು. "ಈಗ ಒತ್ತು" ಅಂದ ತಕ್ಷಣ ಆಕ್ಸಿಲರೇಟರ್ ನೆಲ ಮುಟ್ಟುತ್ತದೆ, ಎಂಬತ್ತರಲ್ಲಿದ್ದ ಕಾರು ನೋಡನೋಡುತ್ತಲೇ ನೂರೆಂಬತ್ತಕ್ಕೆ ಏರುತ್ತದೆ. ಇಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಹೊಸ ಲೆಕ್ಕ ತುಂಬಿ ಪರೀಕ್ಷಿಸುವ ಈ ಪದ್ಧತಿಗೆ ರೋಡ್ ಟ್ಯೂನ್ ಎನ್ನುತ್ತಾರೆ. ಅದೇ ರಸ್ತೆಯಲ್ಲಿ ತರಕಾರಿ ತುಂಬಿಕೊಂಡ ಟೆಂಪೊ ಇರುತ್ತದೆ, ಎರಡನೇ ಶಿಫ್ಟ್ ಮುಗಿಸಿ ಮನೆಗೆ ಹೊರಟ ಕಾರ್ಮಿಕನ ಬೈಕ್ ಇರುತ್ತದೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಇರುತ್ತದೆ. ಇವರ್‍ಯಾರೂ ಆ ಪರೀಕ್ಷೆಗೆ ಒಪ್ಪಿಗೆ ಕೊಟ್ಟವರಲ್ಲ.

ಪೂರ್ತಿ ಬಲದ ಪರೀಕ್ಷೆ ನಡೆಯಬೇಕಾದ ಜಾಗ ಡೈನೋ. ಈಗ ಊರಿನಲ್ಲಿ ಡೈನೋ ಇರುವ ಟ್ಯೂನಿಂಗ್ ಗ್ಯಾರೇಜುಗಳು ಇವೆ. ಆದರೆ ಯಂತ್ರ ಇದ್ದ ಮಾತ್ರಕ್ಕೆ ಗ್ಯಾರೇಜು ಒಳ್ಳೆಯದೆಂದು ನಂಬಬೇಡಿ. ಮೂರು ಲಕ್ಷವೋ ಐದು ಲಕ್ಷವೋ ಸುರಿದು ಕಾರಿನ ಬಲ ಹೆಚ್ಚಿಸಿಕೊಳ್ಳುವ ಹುಡುಗರು ಕೇಳುವ ಮೊದಲ ಪ್ರಶ್ನೆ "ಎಷ್ಟು ಬಿಎಚ್‌ಪಿ ಬರುತ್ತೆ?" ಎಂಬುದು. ಅದು ಕೊನೆಯ ಪ್ರಶ್ನೆ ಆಗಬೇಕಿತ್ತು.

ಡೈನೋ ಅಂದರೆ ನೆಲದಲ್ಲಿ ಹುದುಗಿಸಿದ ಉಕ್ಕಿನ ಉರುಳೆಗಳು. ಕಾರಿನ ಚಕ್ರ ಅವುಗಳ ಮೇಲೆ ತಿರುಗುತ್ತದೆ, ಕಾರು ಮಾತ್ರ ನಿಂತಲ್ಲೇ ಇರುತ್ತದೆ. ಸಾಮಾನ್ಯವಾಗಿ ನಾಲ್ಕನೇ ಗೇರಿನಲ್ಲಿ, ಕೆಳಗಿನ ಆರ್‌ಪಿಎಂನಿಂದ ಕೆಂಪು ಗೆರೆಯವರೆಗೆ ಒಂದೇ ಉಸಿರಿಗೆ ಎಳೆಯುತ್ತಾರೆ. ಇದಕ್ಕೆ ಪುಲ್ ಎಂದು ಹೆಸರು. ಜೋರಾದ ಕಾರಾದರೆ ಆ ಕೆಲವೇ ಸೆಕೆಂಡುಗಳಲ್ಲಿ ಚಕ್ರದ ವೇಗ ಗಂಟೆಗೆ 200 ಕಿ.ಮೀ. ಹತ್ತಿರ ಹೋಗುತ್ತದೆ. ಅಂದರೆ ಸೆಕೆಂಡಿಗೆ 55 ಮೀಟರ್. ಟೈರಿನ ಗೆರೆಯಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು ಕಿತ್ತು ಬಂದರೆ ಅದೇ ವೇಗದಲ್ಲಿ ಹಾರುತ್ತದೆ. ಕಾರನ್ನು ನೆಲಕ್ಕೆ ಬಿಗಿದ ಬೆಲ್ಟ್ ಕಿತ್ತರೆ ಒಂದೂವರೆ ಟನ್ನಿನ ಕಾರು ಉರುಳೆ ಬಿಟ್ಟು ಎದುರಿನ ಗೋಡೆಗೆ ನುಗ್ಗುತ್ತದೆ.

ಪೀಣ್ಯದ ಕಡೆಯ ಒಂದು ಗ್ಯಾರೇಜಿನಲ್ಲಿ ಕಂಡ ಕೆಲಸವನ್ನು ಹೇಳಬೇಕು. ಟ್ಯೂನರ್‌ಗೆ ನಲವತ್ತರ ಆಸುಪಾಸು. ಲ್ಯಾಪ್‌ಟಾಪ್ ತೆರೆಯುವ ಮೊದಲೇ ಟಾರ್ಚ್ ಹಿಡಿದು ಕುಕ್ಕರುಗಾಲಲ್ಲಿ ಕೂತ. ಟೈರಿನ ಗೆರೆಗಳಲ್ಲಿದ್ದ ಕಲ್ಲನ್ನು ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ತೆಗೆದ. ಆಮೇಲೆ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿದ. ಅಲ್ಲಿ 2321 ಎಂದಿದ್ದರೆ ಆ ಟೈರು 2021ರ ಇಪ್ಪತ್ತಮೂರನೇ ವಾರದ್ದು. ಸೈಜಿನ ಕೊನೆಗೆ ಬರುವ ಅಕ್ಷರವನ್ನೂ ನೋಡಿದ. ಎಚ್ ಇದ್ದರೆ ಆ ಟೈರಿನ ಮಿತಿ 210 ಕಿ.ಮೀ., ವಿ ಇದ್ದರೆ 240. ಬಲಗಡೆಯ ಟೈರಿನಲ್ಲಿ ಪಂಕ್ಚರ್ ಹಾಕಿದ ಗುರುತು ಕಂಡಿತು, ಎದ್ದು ನಿಂತ.

"ಸರ್, ಈ ಟೈರಲ್ಲಿ ನಾನು ಪುಲ್ ಕೊಡಲ್ಲ. ಬದಲಾಯಿಸಿಕೊಂಡು ಬನ್ನಿ."

"ಅಣ್ಣ, ಮೈಸೂರಿಂದ ಬಂದಿದೀನಿ. ಒಂದೇ ಒಂದು ಪುಲ್."

"ಬೇಡ ಸರ್. ನಾಳೆ ಬನ್ನಿ, ಸ್ಲಾಟ್ ಇಟ್ಟಿರ್ತೀನಿ."

ಬಂದ ದುಡ್ಡನ್ನು ವಾಪಸ್ ಕಳಿಸಿದ ಆ ಮನುಷ್ಯನ ಕೈಗೆ ಕಣ್ಣುಮುಚ್ಚಿ ಕಾರು ಕೊಡಬಹುದು.

ಬೆಲ್ಟ್ ಕಟ್ಟುವುದೂ ಅಷ್ಟೇ ಮುಖ್ಯ. ಮುಂದೆ ಹಿಂದೆ ಎರಡೂ ಕಡೆ, ಕೋನವಾಗಿ, ಗಟ್ಟಿ ಜಾಗಕ್ಕೆ ಕಟ್ಟಿರಬೇಕು. ಮುಂದಿನ ಚಕ್ರಕ್ಕೆ ಬಲ ಹೋಗುವ ಕಾರು ಉರುಳೆಯ ಮೇಲೆ ಎಡಕ್ಕೂ ಬಲಕ್ಕೂ ಜಾರಾಡುವುದು ಹೆಚ್ಚು, ಅದಕ್ಕೆ ಪಕ್ಕದ ಹಿಡಿತ ಬೇಕೇ ಬೇಕು. ಮೊದಲ ಪುಲ್ ಆದ ಮೇಲೆ ಬೆಲ್ಟ್ ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರನ್ನು ಎರಡು ಚಕ್ರದ ಡೈನೋ ಮೇಲೆ ಏರಿಸಿದರೆ ಗೇರ್‌ಬಾಕ್ಸಿನ ಭಾಗಗಳೇ ಸುಟ್ಟುಹೋಗಬಹುದು. ಏನಾಗಲ್ಲ ಬಿಡಿ ಎನ್ನುವವನ ಹತ್ತಿರ ನಿಲ್ಲಬೇಡಿ. ಕಾರಿನ ಮುಂದೆ, ಹಿಂದೆ ಯಾರೂ ನಿಂತಿರಬಾರದು. ಮೊಬೈಲಿನಲ್ಲಿ ರೀಲ್ಸ್ ಮಾಡಲು ಗೆಳೆಯರನ್ನು ಬಂಪರ್ ಪಕ್ಕ ನಿಲ್ಲಿಸಿಕೊಳ್ಳುವ ಗ್ಯಾರೇಜುಗಳಿವೆ. ಅದನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ.

ಇನ್ನು ಗಾಳಿ. ಹೆದ್ದಾರಿಯಲ್ಲಿ ಓಡುವ ಕಾರಿನ ರೇಡಿಯೇಟರಿಗೆ ತಾನಾಗಿ ಗಾಳಿ ನುಗ್ಗುತ್ತದೆ. ನಿಂತ ಕಾರಿಗೆ ಅದು ಇಲ್ಲ. ಮದುವೆ ಮನೆಯ ಫ್ಯಾನ್ ತಂದಿಟ್ಟರೆ ಸಾಲದು, ದೊಡ್ಡ ಬ್ಲೋವರೇ ಬೇಕು. ಟರ್ಬೊ ಕಾರಿನ ಇಂಟರ್‌ಕೂಲರ್ ಕಾದರೆ ಪ್ರತಿ ಪುಲ್‌ಗೂ ಬಲ ಇಳಿಯುತ್ತ ಹೋಗುತ್ತದೆ, ಇಂಜಿನ್ನಿನೊಳಗೆ ನಾಕಿಂಗ್, ಅಂದರೆ ಇಂಧನ ಹೊತ್ತುಮೀರಿ ಸಿಡಿಯುವುದು, ಶುರುವಾಗುತ್ತದೆ. ಪುಲ್ ಪುಲ್ ನಡುವೆ ಸುಮ್ಮನೆ ಕಾಯುವ ತಾಳ್ಮೆ ಟ್ಯೂನರ್‌ಗೆ ಇರಬೇಕು. ಹೊಗೆ ಹೊರಗೆ ಎಳೆದುಹಾಕುವ ಪೈಪೂ ಇರಬೇಕು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಶೆಡ್ಡಿನಲ್ಲಿ ದಿನವಿಡೀ ದುಡಿಯುವ ಹುಡುಗರ ಜೀವಕ್ಕೇ ಅದು ಕುತ್ತು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಕಡೆ ಇದೆಯೇ ನೋಡಿ.

ಈಗ ಎಲ್ಲರಿಗೂ ಬೇಕಾದ ಆ ಅಂಕಿಯ ಮಾತು. ಯಂತ್ರ ಅಳೆಯುವುದು ಚಕ್ರದ ಬಳಿಯ ಟಾರ್ಕನ್ನು. ಅದನ್ನು ಆರ್‌ಪಿಎಂನಿಂದ ಗುಣಿಸಿ ಬಲ ಲೆಕ್ಕ ಹಾಕುತ್ತಾರೆ. ಕಂಪನಿ ಹೇಳುವುದು ಇಂಜಿನ್ನಿನ ಬಲ, ಡೈನೋ ತೋರಿಸುವುದು ಗೇರ್‌ಬಾಕ್ಸ್, ಟೈರುಗಳಲ್ಲಿ ಸೋರಿಹೋಗಿ ಉಳಿದ ಬಲ. ಇವೆರಡನ್ನೂ ಬೆರೆಸಿ ಹೇಳುವವರು ಬಹಳ. ಬೆಂಗಳೂರಿಗೆ ಇನ್ನೊಂದು ತೊಡಕಿದೆ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಹೆಚ್ಚುಕಡಿಮೆ ಅಷ್ಟೇ ಬಲ ಕಳೆದುಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಸಾಫ್ಟ್‌ವೇರ್ ಒಂದು ತಿದ್ದುಪಡಿ ಸೇರಿಸುತ್ತದೆ. ಟರ್ಬೊ ಇಂಜಿನ್ ಗಾಳಿಯನ್ನು ತಾನೇ ಒತ್ತಿ ತುಂಬಿಕೊಳ್ಳುವುದರಿಂದ ಅಷ್ಟು ನಷ್ಟ ಅನುಭವಿಸುವುದಿಲ್ಲ. ಅದಕ್ಕೂ ಪೂರ್ತಿ ತಿದ್ದುಪಡಿ ಹಚ್ಚಿದರೆ ಇಲ್ಲದ ಕುದುರೆಗಳು ಗ್ರಾಫಿನಲ್ಲಿ ಹುಟ್ಟಿಕೊಳ್ಳುತ್ತವೆ. ಕೋಣೆಯ ತಾಪಮಾನದ ಅಂಕಿ ತಿದ್ದಿದರೂ ಗೆರೆ ಮೇಲೇರುತ್ತದೆ. ಹಾಗಾಗಿ ತಿದ್ದುಪಡಿ ಇಲ್ಲದ ಗ್ರಾಫನ್ನೂ ಕೇಳಿ ಪಡೆಯಿರಿ. ರಿಮ್ಯಾಪಿಗೆ, ಅಂದರೆ ಇಸಿಯುಗೆ ಹೊಸ ಲೆಕ್ಕ ತುಂಬುವುದಕ್ಕೆ ಮುಂಚೆ ಒಂದು, ಆಮೇಲೆ ಒಂದು, ಅದೇ ದಿನ, ಅದೇ ಯಂತ್ರದ ಮೇಲೆ. ಗ್ರಾಫಿನ ಕೆಳಗೆ ಗಾಳಿ-ಇಂಧನದ ಗೆರೆಯೂ ಇರಬೇಕು. ಟರ್ಬೊ ಪೆಟ್ರೋಲ್ ಇಂಜಿನ್ ಪೂರ್ತಿ ಒತ್ತಿದಾಗ ಇಂಧನ ಸಾಲದೆ ಹೋದರೆ ಪಿಸ್ಟನ್ ಕರಗುತ್ತದೆ. ಆ ಗೆರೆ ತೋರಿಸದ ಗ್ರಾಫು ಬರೀ ಕಾಗದ.

ಒಳ್ಳೆಯ ಟ್ಯೂನರ್ ಗೇರ್‌ಬಾಕ್ಸಿನ ಮಾತನ್ನು ತಾನಾಗಿ ಎತ್ತುತ್ತಾನೆ. ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ನಮ್ಮ ಹುಡುಗರಿಗೆ ಬಲು ಪ್ರಿಯವಾದ ಕಾರು. ಕಂಪನಿಯಿಂದ ಬರುವಾಗಲೇ ಅದರ ಟಾರ್ಕ್ 250 ನ್ಯೂಟನ್ ಮೀಟರ್. ಅದರ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ತಾಳುವ ಮಿತಿಯೂ 250. ಸ್ಟೇಜ್ ಒನ್ ಎಂಬ ಮೊದಲ ಹಂತದ ರಿಮ್ಯಾಪ್ ಹಾಕಿಸಿದರೆ ಟಾರ್ಕ್ ಮುನ್ನೂರು ದಾಟುತ್ತದೆ. ಕ್ಲಚ್ಚಿನ ಆಯುಸ್ಸಿನ ಬಗ್ಗೆ ಒಂದು ಮಾತೂ ಆಡದೆ ದುಡ್ಡು ಎಣಿಸಿಕೊಂಡವನು ನಿಮ್ಮ ಹಿತೈಷಿಯಲ್ಲ. ಪೆಟ್ರೋಲಿನದೂ ಇದೇ ಕಥೆ. 100 ಆಕ್ಟೇನಿಗೆ ಬರೆದ ಮ್ಯಾಪ್ ಹಾಕಿಸಿಕೊಂಡು, ಊರಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲ್ ತುಂಬಿಸಿ ಘಾಟಿ ಹತ್ತಿದರೆ ಇಂಜಿನ್ ಏನಾಗಬೇಕು? ನಮ್ಮಲ್ಲಿ ಈಗ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುತ್ತಾರೆ, ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ನೀವು ಯಾವ ಬಂಕಿನಲ್ಲಿ ಏನು ತುಂಬಿಸುತ್ತೀರಿ ಎಂದು ವಿಚಾರಿಸದ ಟ್ಯೂನರ್ ನಿಮ್ಮ ಕಾರಿಗೆ ಮ್ಯಾಪ್ ಬರೆಯಲು ಲಾಯಕ್ಕಲ್ಲ.

ಕಾನೂನಿನ ಮಾತನ್ನೂ ಮುಚ್ಚಿಡಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅನ್ವಯ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಾರಂಟಿ ಹೋಗುವ ಸಾಧ್ಯತೆ, ವಿಮೆ ಕ್ಲೇಮಿಗೆ ಬರಬಹುದಾದ ತಕರಾರು, ಇವನ್ನೆಲ್ಲ ಮೊದಲೇ ಬಾಯಿಬಿಟ್ಟು ಹೇಳುವ ಗ್ಯಾರೇಜನ್ನು ಆರಿಸಿಕೊಳ್ಳಿ.

ಡೀಸೆಲ್ ಕಾರಿನ ಡಿಪಿಎಫ್ ಎಂಬ ಹೊಗೆಯ ಫಿಲ್ಟರ್ ಕಿತ್ತುಹಾಕಿ ಪಿಕಪ್ ಹೆಚ್ಚಿಸಿಕೊಡುತ್ತೇವೆ ಎನ್ನುವವರ ಬಾಗಿಲಿಗಂತೂ ಹೋಗಲೇಬೇಡಿ. ಆ ಫಿಲ್ಟರ್ ಹಿಡಿದಿಡಬೇಕಿದ್ದ ಮಸಿ ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಕೂತ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಪೊಲೀಸರು ರಾಜ್ಯದ ಹಲವು ಊರುಗಳಲ್ಲಿ ಕರ್ಕಶ ಸೈಲೆನ್ಸರ್‌ಗಳನ್ನು ರಸ್ತೆಗೆ ಸುರಿದು ರೋಡ್ ರೋಲರ್ ಹರಿಸಿದ್ದಾರೆ, ಜನ ಚಪ್ಪಾಳೆ ತಟ್ಟಿದ್ದಾರೆ. ಸಾರಿಗೆ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು: ಸದ್ದು ಕಿವಿಗೆ ಬಿದ್ದ ಹಾಗೆ ಡಿಪಿಎಫ್ ಕಿತ್ತ ಕಾರು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಅದನ್ನು ಕೀಳುವ ಗ್ಯಾರೇಜುಗಳಿಗೆ ನೀವೇ ಹೋಗಿ ತಪಾಸಣೆ ಮಾಡಿ.