ಮನೆಯ ಯಂತ್ರಗಳು: ಎಲೆ ಊದುವ ಯಂತ್ರದ ದುರಸ್ತಿ

ಅಮೆರಿಕದ ಈಶಾನ್ಯ ಸೀಮೆಯಲ್ಲಿ ಅಕ್ಟೋಬರ್ ಮಾಸ ಬಂದಿತೆಂದರೆ ಮೇಪಲ್, ಓಕ್ ವೃಕ್ಷಗಳ ಎಲೆಗಳುದುರಿ ಅಂಗಳವೆಲ್ಲ ಮುಚ್ಚಿಹೋಗುತ್ತದೆ. ಪೊರಕೆಗೆ ಬಗ್ಗದ ಈ ರಾಶಿಯನ್ನು ಗಾಳಿಯಿಂದ ಊದಿ ಒತ್ತರಿಸುವ ಯಂತ್ರವನ್ನು ಅಲ್ಲಿನ ಗೃಹಸ್ಥರು ತೋಟದ ಟ್ರಾಕ್ಟರಿಗೆ ಜೋಡಿಸಿಕೊಳ್ಳುವುದುಂಟು. ಜನರಲ್ ಎಲೆಕ್ಟ್ರಿಕ್ ಕಂಪೆನಿಯವರು ೧೯೬೯ರಲ್ಲಿ ಹೊರತಂದ ‘ಎಲೆಕ್-ಟ್ರಾಕ್’ ಎಂಬುದು ವಿದ್ಯುಚ್ಛಕ್ತಿಯಿಂದ ನಡೆಯುವ ಅಂತಹ ಟ್ರಾಕ್ಟರು. ಅದರ ದೊಡ್ಡ ಮಾದರಿಗಳಲ್ಲಿ ೬ ವೋಲ್ಟಿನ ೬ ಬ್ಯಾಟರಿಗಳು ಸಾಲಾಗಿ ಸೇರಿ ೩೬ ವೋಲ್ಟ್ ಕೊಡುತ್ತವೆ. ೧೯೭೦ರ ದಶಕದ ನಡುವೆ ಆ ಕಂಪೆನಿಯು ಇದರ ತಯಾರಿಕೆಯನ್ನು ಬಿಟ್ಟಿತು. ಆದರೂ ಹಳೆಯ ಬಂಡಿಗಳನ್ನು ಜೋಪಾನ ಮಾಡಿ ನಡೆಸುವವರು ಇಂದಿಗೂ ಇದ್ದಾರೆ. ಬಿಡಿಭಾಗಗಳು ಸುಲಭವಾಗಿ ದೊರೆಯವು. ಆದಕಾರಣ ಊದುವ ಯಂತ್ರವು ಕಲ್ಲು ನುಂಗಿ ಕೆಟ್ಟರೆ ಮನೆಯವರೇ ಅದನ್ನು ನೆಟ್ಟಗೆ ಮಾಡಿಕೊಳ್ಳಬೇಕಾಗುತ್ತದೆ.

ಕೆಲಸಕ್ಕೆ ಕೈಹಚ್ಚುವ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿಡತಕ್ಕದ್ದು. ೩೬ ವೋಲ್ಟು ಮೈಗೆ ಹೊಡೆಯುವುದು ಅಪರೂಪವೆಂದು ಉದಾಸೀನ ಮಾಡಲಾಗದು. ಕೈಯ ಉಂಗುರವೋ ಸ್ಪಾನರೋ ಎರಡು ತುದಿಗಳನ್ನು ಮುಟ್ಟಿಸಿದರೆ ಕ್ಷಣದಲ್ಲಿ ಕೆಂಪಗೆ ಕಾದು ಚರ್ಮವನ್ನು ಸುಡುತ್ತದೆ. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಗುಲಿದರೆ ಸ್ಫೋಟವೂ ಆಗಬಹುದು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಮುಚ್ಚಿ ಫಲವೇನು?

ಇನ್ನು ಒಡಕಿನ ವಿಚಾರ. ಹೊರಗಣ ತಗಡಿನ ಕವಚವು ಸೀಳಿದ್ದರೆ, ಸೀಳಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದು, ಅದು ಮುಂದೆ ಹಬ್ಬದಂತೆ ತಡೆದು, ಮೇಲೆ ತಗಡಿನ ತೇಪೆಯನ್ನು ರಿವೆಟ್ ಮಾಡಬಹುದು. ಒಳಗಿನ ಬೀಸುಚಕ್ರದ ಮಾತು ಬೇರೆ. ಅದರ ರೆಕ್ಕೆ ಬಿರುಕುಬಿಟ್ಟಿದ್ದರೆ ತೇಪೆಯ ಆಸೆಯನ್ನು ಬಿಟ್ಟು, ಚಕ್ರವನ್ನೇ ಬದಲಿಸಬೇಕು. ಉಕ್ಕಿನ ರೆಕ್ಕೆಯು ಬಿರುಕಿಲ್ಲದೆ ಕೊಂಚ ಬಾಗಿದ್ದರೆ ಮಾತ್ರ ಮೆಲ್ಲನೆ ತಿದ್ದಬಹುದು.

ತಿದ್ದಿದ ಬಳಿಕ ತೂಕದ ಸಮತೋಲವನ್ನು ನೋಡದೆ ಅದನ್ನು ತಿರುಗಿಸಕೂಡದು. ಇದೇ ನಾವು ಮುಖ್ಯವಾಗಿ ಹೇಳಬೇಕಾದುದು. ಕೇಂದ್ರದಿಂದ ೧೫ ಸೆಂಟಿಮೀಟರು ದೂರದಲ್ಲಿ ಕೇವಲ ೧೦ ಗ್ರಾಂ ಹೆಚ್ಚಿದ್ದು, ಚಕ್ರವು ನಿಮಿಷಕ್ಕೆ ೩೦೦೦ ಸುತ್ತು ಸುತ್ತಿದರೆ, ಸುಮಾರು ೧೫ ಕಿಲೋಗ್ರಾಂ ಭಾರದಷ್ಟು ಬಲವು ಸುತ್ತುಸುತ್ತಿಗೂ ದಂಡವನ್ನು ಎಳೆದಾಡುತ್ತದೆ. ವೇಗ ಇಮ್ಮಡಿಯಾದರೆ ಆ ಬಲ ನಾಲ್ಮಡಿಯಾಗುತ್ತದೆ. ಬೇರಿಂಗು ಸವೆಯುವುದೂ, ಬೋಲ್ಟು ಸಡಿಲುವುದೂ, ಕಡೆಗೆ ರೆಕ್ಕೆ ಹಾರುವುದೂ ಇದರಿಂದಲೇ.

ಪರೀಕ್ಷೆಯು ಸುಲಭ. ಚಕ್ರಕ್ಕೆ ನೇರವಾದ ದಂಡವೊಂದನ್ನು ತೂರಿಸಿ, ಸಮತಲವಾಗಿಟ್ಟ ಎರಡು ನುಣುಪಾದ ಪಟ್ಟಿಗಳ ಮೇಲಿಡಿರಿ. ಭಾರವಾದ ಪಕ್ಕವು ತಾನಾಗಿ ಕೆಳಗೆ ಬರುತ್ತದೆ. ಆ ಪಕ್ಕದ ರೆಕ್ಕೆಯ ಅಂಚನ್ನು ಅರದಿಂದ ಸ್ವಲ್ಪಸ್ವಲ್ಪವಾಗಿ ಉಜ್ಜಿ, ಎಲ್ಲಿ ನಿಲ್ಲಿಸಿದರೂ ಅಲ್ಲಿಯೇ ನಿಲ್ಲುವವರೆಗೆ ನೋಡಿರಿ. ಬೇರಿಂಗನ್ನು ಕೈಯಲ್ಲಿ ತಿರುಗಿಸುವಾಗ ಮರಳು ಸಿಕ್ಕಿದಂತೆ ಒರಟಾದರೆ ಅದನ್ನೂ ಬದಲಿಸಿರಿ. ಮೋಟಾರಿನೊಳಗೆ ಶಾಶ್ವತ ಅಯಸ್ಕಾಂತಗಳಿದ್ದರೆ ಸುತ್ತಿಗೆಯಿಂದ ಬಡಿಯಬಾರದು; ಅವು ಬಹು ಬೇಗ ಒಡೆಯುತ್ತವೆ.

ಎಲ್ಲವನ್ನೂ ಜೋಡಿಸಿ, ಚಕ್ರವು ಕವಚಕ್ಕೆ ಎಲ್ಲಿಯೂ ತಾಗದೆಂದು ಕೈಯಿಂದಲೇ ಸುತ್ತಿಸಿ ನೋಡಿದ ಮೇಲೆ ತಂತಿಯನ್ನು ಕೂಡಿಸಿರಿ. ಮೊದಲ ಸಲ ನಡೆಸುವಾಗ ಮಕ್ಕಳನ್ನು ದೂರವಿರಿಸಿ, ಚಕ್ರ ಸುತ್ತುವ ನೇರದಲ್ಲಿ ನಿಲ್ಲದೆ ಬದಿಗೆ ಸರಿದು ನಿಲ್ಲಿರಿ. ನಡುಕ ಕಂಡರೆ ಒಡನೆಯೇ ನಿಲ್ಲಿಸತಕ್ಕದ್ದು. ಹಳೆಯದನ್ನು ಉಳಿಸುವುದು ಗೃಹಸ್ಥನಿಗೆ ಭೂಷಣವೇ ಸರಿ. ಆದರೆ ಕಣ್ಣನ್ನೂ ಕೈಯನ್ನೂ ಪಣವಿಟ್ಟು ಉಳಿಸತಕ್ಕ ಯಂತ್ರವು ಯಾವುದೂ ಇಲ್ಲ.