ಮಾಲೀಸಿನ ಕೆಲಸಕ್ಕೆ ಹೊಸಬರು: ಕೈಹಿಡಿದು ಕಲಿಸುವವರು ಯಾರು?

ಹೋದ ತಿಂಗಳು ನಮ್ಮ ಕಾರ್ಮಿಕ ಸಂಘದ ಕಚೇರಿಗೆ ಒಬ್ಬ ಹೆಣ್ಣುಮಗಳು ತಂದೆಯೊಡನೆ ಬಂದಳು. ತಂದೆ ನಮಗೆ ಹಳೆಯ ಪರಿಚಯದವರು. ಗಿರಣಿಯ ಸ್ಪಿನ್ನಿಂಗ್ ಖಾತೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದು, ಖಾತೆ ಮುಚ್ಚಿದ ಮೇಲೆ ತರಕಾರಿಯ ತಳ್ಳುಗಾಡಿ ಹಿಡಿದವರು. ಮಗಳ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಕೂಡ್ರಲು ಹೇಳಿ ಚಹಾ ಕೊಟ್ಟರೆ ಎಡಗೈಯಲ್ಲಿ ಲೋಟ ತೆಗೆದುಕೊಂಡಳು. “ಬಲಗೈಲೆ ಹಿಡಿಯಾಕ ಆಗವಲ್ದ್ರೀ ಕಾಕಾ” ಎಂದಳು.

ಅವಳು ಮೂರು ತಿಂಗಳ ಮಾಲೀಸು ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವಳು. ಶುಲ್ಕಕ್ಕೆಂದು ತಾಯಿ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದ್ದರು. ದೊಡ್ಡ ಊರಿನ ಒಂದು ಮಾಲೀಸು ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಸೇರಿದ ಮೊದಲನೆಯ ದಿನವೇ ಆರು ಗಿರಾಕಿಗಳು, ಮಾರನೆಯ ದಿನ ಏಳು. ಹೇಗೆ ನಿಲ್ಲಬೇಕು, ಎಲ್ಲಿ ಒತ್ತಬೇಕು, ಎಷ್ಟು ಹೊತ್ತಿಗೊಮ್ಮೆ ಕೈಗೆ ವಿರಾಮ ಕೊಡಬೇಕು ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಎಂಟು ತಿಂಗಳಲ್ಲಿ ಹೆಬ್ಬೆರಳಿನ ಬುಡ ಊದಿಕೊಂಡಿತು. “ಗುಣವಾದ ಮೇಲೆ ಬಾ” ಎಂದು ಕಳಿಸಿದ ಯಜಮಾನ ಆಮೇಲೆ ಫೋನು ಎತ್ತಲಿಲ್ಲ. ಸಾಲ ಮಾತ್ರ ಹಾಗೆಯೇ ಇದೆ.

ಈ ಒಂದು ಕೈಯ ಕಥೆಯನ್ನು ನಮ್ಮ ಓದುಗರ ಮುಂದೆ ಇಡುವುದಕ್ಕೆ ಕಾರಣವುಂಟು.

“ಮಾಲೀಸು ಎಂದರೆ ಹಣವಂತರ ಶೋಕಿ, ಅದಕ್ಕೂ ದುಡಿಯುವ ಜನರ ಪತ್ರಿಕೆಗೂ ಏನು ಸಂಬಂಧ?” ಎಂದು ಕೆಲವರು ಕೇಳಬಹುದು. ಮಲಗಿದವನು ಹಣವಂತನಿರಬಹುದು, ನಿಂತು ನೀವುವವಳು ದುಡಿಮೆಗಾರ್ತಿಯಲ್ಲವೆ? ಮೇಲಾಗಿ ಮಲಗುವವರೆಲ್ಲ ಹಣವಂತರೂ ಅಲ್ಲ. ಮಗ್ಗದ ಮುಂದೆ ವರ್ಷಗಟ್ಟಲೆ ನಿಂತು ಮೊಣಕಾಲು ಸೋತವರು, ಮೂಟೆ ಹೊತ್ತು ಸೊಂಟ ಹಿಡಿದ ಹಮಾಲರು, ಲಕ್ವ ಹೊಡೆದು ಮಂಚ ಹಿಡಿದ ಮುದುಕರು, ಹೆರಿಗೆಯಾದ ಬಾಣಂತಿಯರು, ಇವರಿಗೂ ಆ ಕೈ ಬೇಕು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಊರುಗಳಲ್ಲಿ ಗಿರಣಿ ಕೆಲಸಗಾರರ ಮಕ್ಕಳು ಈಗ ಇಂಥ ಕೆಲಸಗಳಿಗೆ ಹೋಗುತ್ತಿದ್ದಾರೆ. ತಂದೆಯ ದುಡಿಮೆಗೆ ಸಂಘವಿತ್ತು, ಹಾಜರಿ ಪುಸ್ತಕವಿತ್ತು. ಮಗಳ ದುಡಿಮೆಗೆ ಏನಿದೆ?

ಹಿಂದೆ ಈ ವಿದ್ಯೆ ಕಲಿಯುತ್ತಿದ್ದ ಬಗೆಯನ್ನು ನೋಡೋಣ. ಗರಡಿಮನೆಯಲ್ಲಿ ಹುಡುಗನು ಮೊದಲು ಮಣ್ಣು ಹದ ಮಾಡುತ್ತಿದ್ದ, ಆಮೇಲೆ ಹಿರಿಯ ಪೈಲ್ವಾನರ ಕಾಲು ತಿಕ್ಕುತ್ತಿದ್ದ. ವಸ್ತಾದರು ಪಕ್ಕದಲ್ಲಿ ಕೂತು “ಇಲ್ಲಿ ಬೇಡ, ಅದು ನರ, ಮೇಲಕ್ಕೆ ನೀವು” ಎಂದು ತಿದ್ದುತ್ತಿದ್ದರು. ಕೂಸಿಗೆ ಎಣ್ಣೆ ನೀರು ಹಾಕುವ ಅಜ್ಜಿಯ ಪಕ್ಕದಲ್ಲಿ ಸೊಸೆಯೋ ಮೊಮ್ಮಗಳೋ ನೀರು ಬೆರೆಸುತ್ತ ನಿಂತು, ನೋಡಿ ನೋಡಿ ಕಲಿಯುತ್ತಿದ್ದಳು. ಪಾವಗಡದ ಸೂಲಗಿತ್ತಿ ನರಸಮ್ಮನವರು, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡ ಆ ತಾಯಿ, ತಮ್ಮ ಕಸುಬನ್ನು ಕಲಿತದ್ದು ಅಜ್ಜಿಯ ಬಳಿಯಲ್ಲಿ. ಗಿರಣಿಯಲ್ಲಿಯೂ ಹಾಗೆಯೇ. ಕಡಿದ ಎಳೆಯನ್ನು ಗಂಟು ಹಾಕುವುದನ್ನು ಯಾವ ಪುಸ್ತಕವೂ ನಮಗೆ ಕಲಿಸಲಿಲ್ಲ. ಪಕ್ಕದ ಸಾಂಚೆಯ ಹಿರಿಯ ಕಲಿಸಿದ.

ಹಾಗೆಂದು ಹಿಂದಿನದೆಲ್ಲ ಬಂಗಾರವೆಂದು ನಾವು ಹೇಳುವುದಿಲ್ಲ. ಜಾಬರನಿಗೆ ಮಾಮೂಲು ಕೊಡದೆ ಬದ್ಲಿ ಕೆಲಸವೂ ದಕ್ಕದ ಕಾಲವನ್ನು ಗಿರಣಿಯ ಹಿರಿಯರು ಮರೆತಿಲ್ಲ. ಎಣ್ಣೆ ನೀರು ಹಾಕಿದ ಅಜ್ಜಿಗೆ ಸಿಗುತ್ತಿದ್ದುದು ಒಂದಿಷ್ಟು ಅಕ್ಕಿ, ಒಂದು ಕುಬಸದ ಕಣ. ಮೈ ಮುಟ್ಟುವ ಕೆಲಸವನ್ನು ಕೆಲವು ಜಾತಿಗಳ ತಲೆಗೆ ಕಟ್ಟಿ, ಅದೇ ಕೆಲಸಕ್ಕಾಗಿ ಅವರನ್ನು ಕೀಳೆಂದು ಕಂಡ ಸಮಾಜ ನಮ್ಮದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರು ಸಾರಿದ ನಾಡಿನಲ್ಲಿಯೇ ಹೀಗಾಯಿತು. ಆ ವ್ಯವಸ್ಥೆ ಮರಳಿ ಬರುವುದು ನಮಗೆ ಬೇಕಾಗಿಲ್ಲ. ಅದರೊಳಗೆ ಒಂದೇ ಒಂದು ಒಳ್ಳೆಯದಿತ್ತು: ಹೊಸಬನ ಪಕ್ಕದಲ್ಲಿ ತಿಳಿದವನೊಬ್ಬ ನಿಂತಿರುತ್ತಿದ್ದ. ಇಂದಿನ ವ್ಯವಸ್ಥೆ ಹಳೆಯ ಕೆಡುಕುಗಳನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಆ ಒಂದು ಒಳ್ಳೆಯದನ್ನು ಮಾತ್ರ ಬಿಟ್ಟುಕೊಟ್ಟಿದೆ.

ಪ್ರಮಾಣಪತ್ರವಿದ್ದರೆ ಸಾಲದೆ ಎಂದು ಕೇಳುವವರಿಗೆ ನಾವು ಉತ್ತರಿಸಬೇಕು. 2015ರಲ್ಲಿ ಕೌಶಲ್ಯ ವಿಕಾಸ ಯೋಜನೆ ಬಂದಂದಿನಿಂದ ಊರೂರಿನಲ್ಲಿ ಅಲ್ಪಾವಧಿಯ ತರಬೇತಿಗಳಿವೆ. ತರಬೇತಿ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕೆಲವು ಸಂಗತಿಗಳು ಕೆಲಸದ ಜಾಗದಲ್ಲಿ, ದಿನವೂ ತಿದ್ದುವವರಿದ್ದರೆ ಮಾತ್ರ ಕೈಗೆ ಹತ್ತುತ್ತವೆ.

ಮಂಚದ ಎತ್ತರವನ್ನೇ ತೆಗೆದುಕೊಳ್ಳಿ. ಪಕ್ಕದಲ್ಲಿ ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಬೆರಳ ಗೆಣ್ಣು ಮಂಚಕ್ಕೆ ತಾಗುವಷ್ಟು ಎತ್ತರ ಸಾಮಾನ್ಯವಾಗಿ ಸರಿಹೋಗುತ್ತದೆ. ತಗ್ಗಾದರೆ ಸೊಂಟ ಬಾಗುತ್ತದೆ, ಎತ್ತರವಾದರೆ ಭುಜ ಸೆಟೆಯುತ್ತದೆ. ಇನ್ನು ಒತ್ತುವ ರೀತಿ. ಹೊಸಬರು ಹೆಬ್ಬೆರಳ ಬಲದಿಂದ ಒತ್ತುತ್ತಾರೆ. ಬಲ್ಲವರು ಕಾಲೂರಿ, ಮೈಭಾರವನ್ನೇ ಮುಂದಕ್ಕೆ ತಂದು, ಅಂಗೈ, ಮುಂಗೈ, ಮೊಣಕೈಗಳಿಂದ ಒತ್ತುತ್ತಾರೆ. ಹೆಬ್ಬೆರಳು ಚಿಕ್ಕ ಕೀಲು. ದಿನಕ್ಕೆ ಆರು ಏಳು ಗಂಟೆಯ ಒತ್ತಡವನ್ನು ಅದು ತಾಳುವುದಿಲ್ಲ. ಈ ಮಾತನ್ನು ಪಾಠದಲ್ಲಿ ಒಮ್ಮೆ ಕೇಳಿದವರು ಗಿರಾಕಿ “ಇನ್ನೂ ಜೋರಾಗಿ” ಎಂದೊಡನೆ ಮರೆಯುತ್ತಾರೆ. ಆ ಗಳಿಗೆಯಲ್ಲಿ ಭುಜ ತಟ್ಟಿ ನೆನಪಿಸುವವರು ಬೇಕು.

ಯಾರನ್ನು ಮುಟ್ಟಬಾರದು ಎಂಬುದು ಇನ್ನೂ ದೊಡ್ಡ ವಿದ್ಯೆ. ಹೊಸ ಜ್ವರವಿದ್ದವರಿಗೂ ಅಜೀರ್ಣವಾದವರಿಗೂ ಅಭ್ಯಂಗ ಸಲ್ಲದೆಂದು ಆಯುರ್ವೇದವೂ ಹೇಳುತ್ತದೆ. ದೂರದ ಪ್ರಯಾಣ ಮಾಡಿ ಬಂದವರ ಅಥವಾ ಬಹಳ ದಿನ ಹಾಸಿಗೆ ಹಿಡಿದಿದ್ದವರ ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಬರಿಯ ಕಾಲುನೋವೆಂದು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ಮುಟ್ಟದೆ ವೈದ್ಯರ ಬಳಿ ಕಳಿಸಬೇಕು. ಹಣ ಕೊಟ್ಟು ಮಲಗಿದ ಗಿರಾಕಿಗೆ “ಇವತ್ತು ಬೇಡ, ಡಾಕ್ಟರಿಗೆ ತೋರಿಸಿ” ಎಂದು ಹೇಳುವ ಧೈರ್ಯ ಇಪ್ಪತ್ತು ವರ್ಷದ ಹುಡುಗಿಗೆ ಒಂಟಿಯಾಗಿ ಎಲ್ಲಿಂದ ಬರಬೇಕು?

ಕೊನೆಯದನ್ನು ಮುಚ್ಚಿಡದೆ ಹೇಳಬೇಕು. ಕೈ ಮೀರುವ ಗಿರಾಕಿಗಳಿರುತ್ತಾರೆ. ಅವನ ಮಾತು ತಪ್ಪಿದ ಕ್ಷಣವೇ ಕೆಲಸ ನಿಲ್ಲಿಸಿ ಹೊರಗೆ ಬರಬಹುದೆಂದು ಹೊಸಬಳಿಗೆ ಮೊದಲ ದಿನವೇ ಗೊತ್ತಿರಬೇಕು. ಹೊರಗೆ ಬಂದವಳ ಪರವಾಗಿ ಮಾತನಾಡುವ ಹಿರಿಯಳೊಬ್ಬಳು ಅಲ್ಲಿರಬೇಕು. ಇಲ್ಲವಾದರೆ ಏನಾಗುತ್ತದೆ? ಯಜಮಾನ “ಗಿರಾಕಿ ತಪ್ಪಿಸಿದೆ” ಎಂದು ಸಂಬಳ ಮುರಿಯುತ್ತಾನೆ. ಎಲ್ಲೋ ಒಂದು ಕಡೆ ದಾಳಿಯಾದರೆ, ಮರ್ಯಾದೆಯಿಂದ ದುಡಿಯುವ ಎಲ್ಲರನ್ನೂ ಊರಿನವರು ಒಂದೇ ಕಣ್ಣಿನಿಂದ ನೋಡುತ್ತಾರೆ. ಯಜಮಾನನ ಹೆಸರು ಹೊರಗೆ ಬರುವುದಿಲ್ಲ; ಮುಖ ಮುಚ್ಚಿಕೊಳ್ಳಬೇಕಾದವರು ದುಡಿಯುವ ಹುಡುಗಿಯರು.

ಹಾಗಾದರೆ ಹಿರಿಯ ಕೆಲಸಗಾರರು ಏಕೆ ಕಲಿಸುವುದಿಲ್ಲ? ಅವರನ್ನು ಬೈಯುವುದು ಸುಲಭ; ನಾವು ಬೈಯುವುದಿಲ್ಲ. ಎಷ್ಟೋ ಕಡೆ ಮೂಲ ಸಂಬಳ ಅಲ್ಪ, ಉಳಿದದ್ದು ಗಿರಾಕಿಗೆ ಇಷ್ಟೆಂದು ಸಿಗುವ ಕಮಿಷನ್. ಹೊಸಬಳಿಗೆ ಒಂದು ಗಂಟೆ ಕಲಿಸಿದರೆ ಹಿರಿಯಳಿಗೆ ಒಂದು ಗಿರಾಕಿಯ ಕಮಿಷನ್ ಹೋಗುತ್ತದೆ. ಕಲಿತ ಹೊಸಬಳು ನಾಳೆ ತನ್ನ ಗಿರಾಕಿಯನ್ನೇ ತೆಗೆದುಕೊಂಡರೆ ಎಂಬ ಭಯ ಬೇರೆ. ಹೀಗೆ ಇಬ್ಬರು ದುಡಿಯುವವರನ್ನು ಒಬ್ಬರ ಎದುರು ಒಬ್ಬರನ್ನು ನಿಲ್ಲಿಸಿ ಲಾಭ ಎಣಿಸುವವನು ಮೂರನೆಯವನು. ಮಾದರಿ ಹಳೆಯದೇ. ಗಿರಣಿಯ ತುಂಡುಗೂಲಿಯಲ್ಲಿ ನಾವು ಇದನ್ನು ಅನುಭವಿಸಿದ್ದೇವೆ.

ಬೇರೆ ದೇಶದ ಒಂದು ಉದಾಹರಣೆ ನೋಡಿ. ಜಪಾನಿನಲ್ಲಿ ಮಾಲೀಸು ಬಹುಕಾಲದಿಂದ ಕುರುಡರ ಜೀವನೋಪಾಯ. 17ನೆಯ ಶತಮಾನದಲ್ಲಿ ಸುಗಿಯಾಮಾ ವಾಯಿಚಿ ಎಂಬ ಕುರುಡ ವೈದ್ಯರು ತಮ್ಮಂಥವರಿಗಾಗಿ ಶಾಲೆ ನಡೆಸಿ ಸೂಜಿಚಿಕಿತ್ಸೆ ಮತ್ತು ಅಂಗಮರ್ದನ ಕಲಿಸಿದರು. ಎರಡನೆಯ ಮಹಾಯುದ್ಧದ ನಂತರ ಈ ಕಸುಬಿಗೆ ಕುತ್ತು ಬಂದಾಗ ಕುರುಡ ಕೆಲಸಗಾರರು ಒಟ್ಟಾಗಿ ಹೋರಾಡಿದರು. 1947ರಲ್ಲಿ ಕಾಯಿದೆಯಾಯಿತು. ಇಂದು ಅಲ್ಲಿ ಲೈಸೆನ್ಸು ಬೇಕಾದವರು ಕನಿಷ್ಠ ಮೂರು ವರ್ಷ ಕಲಿತು ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕುರುಡರ ಅನ್ನಕ್ಕೆ ಧಕ್ಕೆ ಬರುವಂತಿದ್ದರೆ ಕಣ್ಣುಳ್ಳವರಿಗಾಗಿ ಹೊಸ ಶಾಲೆಗಳಿಗೆ ಅನುಮತಿ ನಿರಾಕರಿಸಬಹುದೆಂದು 1964ರಲ್ಲಿ ತಿದ್ದುಪಡಿ ಬಂತು. 2022ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಲೈಸೆನ್ಸಿಲ್ಲದ ಅಂಗಡಿಗಳು ಅಲ್ಲಿಯೂ ಇವೆ. ಎಲ್ಲವೂ ಸರಿಯಾಗಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಈ ಕಸುಬು ಮೂರು ವರ್ಷ ಕಲಿಯುವಂಥದು, ಅದನ್ನು ನಂಬಿದವರ ಅನ್ನವನ್ನು ಸಮಾಜ ಕಾಯಬೇಕು ಎಂಬ ಮಾತನ್ನು ಅಲ್ಲಿ ಕಾಯಿದೆಯೇ ಒಪ್ಪಿದೆ. ನಮ್ಮಲ್ಲಿ ಮೂರು ತಿಂಗಳು, ಒಂದು ಕಾಗದ, ಮಾರನೆಯ ದಿನ ಏಳು ಗಿರಾಕಿ!

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. “ಕಲಿಸುತ್ತೇವೆ” ಎಂಬ ಮಾತನ್ನು ಯಜಮಾನರು ಬಹಳ ಪ್ರೀತಿಯಿಂದ ಹಿಡಿದುಕೊಳ್ಳುತ್ತಾರೆ. 1961ರ ಅಪ್ರೆಂಟಿಸ್ ಕಾಯಿದೆ ಅಪ್ರೆಂಟಿಸನನ್ನು ಕಲಿಯುವವನೆಂದು ಕರೆಯಿತೇ ಹೊರತು ಕಾರ್ಮಿಕನೆಂದು ಕರೆಯಲಿಲ್ಲ. ಆ ಒಂದು ಪದದ ಮರೆಯಲ್ಲಿ ಪೂರ್ಣ ಕೆಲಸ ಮಾಡಿಸಿಕೊಂಡು ಅರೆ ಕೂಲಿ ಕೊಟ್ಟವರನ್ನು ನಾವು ಕಂಡಿದ್ದೇವೆ. ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಬರೆಯುತ್ತೇವೆ.

ಒಂದು: ಮೊದಲ ಮೂರು ತಿಂಗಳು ಹೊಸಬರಿಗೆ ಹಿರಿಯರ ಅರ್ಧದಷ್ಟೇ ಗಿರಾಕಿಗಳು, ಆದರೆ ಕೂಲಿ ಕನಿಷ್ಠ ವೇತನಕ್ಕೆ ಒಂದು ಪೈಸೆಯೂ ಕಡಿಮೆಯಾಗಕೂಡದು.

ಎರಡು: ಪ್ರತಿ ಹೊಸಬರಿಗೂ ಒಬ್ಬ ಹಿರಿಯರನ್ನು ಹೆಸರಿಸಬೇಕು. ಒಬ್ಬರ ಕೈಕೆಳಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ. ಕಲಿಸುವ ಗಂಟೆಗೆ ಹಿರಿಯರಿಗೆ ಗಿರಾಕಿಯ ಗಂಟೆಯಷ್ಟೇ ಹಣ ಸಲ್ಲಬೇಕು.

ಮೂರು: ಕೆಲಸಕ್ಕೆ ಸೇರಿದವರಿಗೆ ಬರವಣಿಗೆಯಲ್ಲಿ ನೇಮಕದ ಆದೇಶ ಕೊಡಬೇಕು. ಪ್ರಮಾಣಪತ್ರದ ಮೂಲಪ್ರತಿಯನ್ನು ಒತ್ತೆ ಇಟ್ಟುಕೊಳ್ಳುವುದು, ಬಾಂಡು ಬರೆಸಿಕೊಳ್ಳುವುದು ನಿಲ್ಲಬೇಕು.

ನಾಲ್ಕು: ರೋಗದ ಅನುಮಾನ ಬಂದಾಗಲೂ ಗಿರಾಕಿ ಹದ್ದು ಮೀರಿದಾಗಲೂ ಕೆಲಸ ನಿಲ್ಲಿಸಿದವರ ಕೂಲಿ ಮುರಿಯಕೂಡದು.

ಐದು: ಕೆಲಸದಿಂದ ಕೈ ಕೆಟ್ಟರೆ ಚಿಕಿತ್ಸೆಯ ಖರ್ಚು ಮಾಲೀಕರದು.

ನಮ್ಮ ಓದುಗರಲ್ಲಿ ಸಣ್ಣ ವ್ಯಾಪಾರಿಗಳಿದ್ದಾರೆ. ಎರಡು ಮೂರು ಮಂಚ ಹಾಕಿಕೊಂಡು ಇಂಥ ಕೇಂದ್ರ ನಡೆಸುವವರೂ ಅವರ ನಡುವೆ ಇರಬಹುದು. “ಬಾಡಿಗೆ, ಕರೆಂಟು, ಎಣ್ಣೆ ಇವಕ್ಕೇ ಸಾಲದು, ಅರ್ಧ ಕೆಲಸಕ್ಕೆ ಪೂರ್ಣ ಕೂಲಿ ಎಲ್ಲಿಂದ ತರಲಿ?” ಎಂದು ಅವರು ಕೇಳಿದರೆ ಆ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಖರ್ಚು ಹೆಚ್ಚುತ್ತದೆ, ನಿಜ. ಆದರೆ ವ್ಯಾಪಾರ ಬಲ್ಲವರು ತಮ್ಮ ಅಂಗಡಿಯನ್ನೇ ನೆನೆದುಕೊಳ್ಳಲಿ. ಹೊಸ ಹುಡುಗನನ್ನು ಮೊದಲ ದಿನವೇ ತಕ್ಕಡಿಗೂ ಗಲ್ಲಾಪೆಟ್ಟಿಗೆಗೂ ಕೂಡ್ರಿಸುತ್ತೀರಾ? ಇಲ್ಲ. ಮೂರು ತಿಂಗಳು ಪೊಟ್ಟಣ ಕಟ್ಟಿಸಿ, ಗಿರಾಕಿಯೊಡನೆ ಮಾತನಾಡುವುದನ್ನು ಕಲಿಸುತ್ತೀರಿ. ಎಂಟೆಂಟು ತಿಂಗಳಿಗೆ ಕೈ ಮುರಿದುಕೊಂಡು ಹೋಗುವವರ ಜಾಗಕ್ಕೆ ಹೊಸಬರನ್ನು ಹುಡುಕುವುದೂ ಖರ್ಚೇ. ಅರೆಬರೆ ಕೈಗೆ ಸಿಕ್ಕು ನೋವು ಹೆಚ್ಚಿಸಿಕೊಂಡ ಗಿರಾಕಿ ಮತ್ತೆ ಬಾರದಿರುವುದೂ ನಷ್ಟವೇ. ಊರಿನ ನಾಲ್ಕು ಸಣ್ಣ ಕೇಂದ್ರಗಳು ಕೂಡಿ ಒಬ್ಬ ನುರಿತ ಹಿರಿಯರನ್ನು ಸರದಿಯಂತೆ ಇಟ್ಟುಕೊಳ್ಳಬಹುದು. ಸಹಕಾರ ಎಂಬ ಮಾತು ಬರಿಯ ಸೊಸೈಟಿಯ ಬೋರ್ಡಿಗೆ ಬರೆಯುವುದಕ್ಕಲ್ಲ.

ಸರ್ಕಾರ ಮಾಡಬೇಕಾದ್ದನ್ನು ಸರ್ಕಾರ ಮಾಡಲೆಂದು ಒತ್ತಾಯಿಸುತ್ತೇವೆ. ತರಬೇತಿ ಮುಗಿಸಿದವರ ತಲೆ ಎಣಿಸಿ ಕೈತೊಳೆದುಕೊಳ್ಳುವುದಲ್ಲ. ಒಂದು ವರ್ಷದ ನಂತರ ಅವರಲ್ಲಿ ಎಷ್ಟು ಮಂದಿ ಆ ಕೆಲಸದಲ್ಲಿ ಉಳಿದಿದ್ದಾರೆ, ಬಿಟ್ಟವರು ಏಕೆ ಬಿಟ್ಟರು ಎಂದು ಕೇಳಿ ಬರೆದಿಡಲಿ. ಸರ್ಕಾರ ಕೇಳುವವರೆಗೆ ನಾವು ಕೈಕಟ್ಟಿ ಕೂಡ್ರಬೇಕಾಗಿಲ್ಲ. ನಮ್ಮ ಸಂಘದ ಕಚೇರಿಯ ಹಿಂದಿನ ಕೋಣೆ ಭಾನುವಾರ ಮಧ್ಯಾಹ್ನ ಖಾಲಿಯಿರುತ್ತದೆ. ಅಲ್ಲಿ ಒಂದು ಎತ್ತರದ ಮಂಚ ಹಾಕಿಸಿದ್ದೇವೆ. ಗರಡಿಯ ಒಬ್ಬ ಹಿರಿಯರು, ಆಯುರ್ವೇದ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ತಾಯಿ ಬಂದು ಕೂಡ್ರಲು ಒಪ್ಪಿದ್ದಾರೆ. ಈ ಕಸುಬಿಗೆ ಹೊಸದಾಗಿ ಹೋದವರು, ಗಂಡಾಗಲಿ ಹೆಣ್ಣಾಗಲಿ, ಬರಬಹುದು. ಶುಲ್ಕವಿಲ್ಲ. ಕೈಯನ್ನೂ ತೋರಿಸಬಹುದು, ಸಂಬಳದ ಚೀಟಿಯನ್ನೂ ತೋರಿಸಬಹುದು.

ಆ ಹೆಣ್ಣುಮಗಳು ಹೋದ ಎರಡು ಭಾನುವಾರವೂ ಬಂದಿದ್ದಳು. ಮಣಿಕಟ್ಟಿನ ಪಟ್ಟಿ ಇನ್ನೂ ಇದೆ. ಕೈ ಪೂರ್ತಿ ಮೊದಲಿನಂತಾಗುತ್ತದೆಯೋ ಇಲ್ಲವೋ ವೈದ್ಯರೂ ಖಚಿತವಾಗಿ ಹೇಳಿಲ್ಲ. ಆದರೆ ಅವಳು ಮಂಚದ ಪಕ್ಕದಲ್ಲಿ ನಿಂತು, ತನ್ನ ಹಿಂದೆ ತರಬೇತಿ ಮುಗಿಸಿದ ಇಬ್ಬರು ಹುಡುಗಿಯರಿಗೆ ಹೆಬ್ಬೆರಳು ಎಲ್ಲಿ ಇಡಬಾರದೆಂದು ಹೇಳಿಕೊಡುತ್ತಿದ್ದಳು. ಅವಳಿಗೆ ಯಾರೂ ಹೇಳದೇ ಹೋದ ಮಾತು ಅದು.