ಕಾಣಿಸದ ಪ್ರಾಣಿಗಳ ಮೃಗಾಲಯ

ಮೈಸೂರಿನ ಮೃಗಾಲಯವನ್ನು ಬಾಲ್ಯದಲ್ಲಿ ನೋಡಿ ಬೆಳೆದವನಿಗೆ ಮೃಗಾಲಯವೆಂದರೆ ಹೇಗಿರಬೇಕೆಂಬ ಕಲ್ಪನೆ ಮೊದಲೇ ಸಿದ್ಧವಾಗಿರುತ್ತದೆ: ಆನೆ, ಜಿರಾಫೆ, ನೀರಾನೆ, ಕೈಯಲ್ಲೊಂದು ಕಡಲೆಕಾಯಿಯ ಪೊಟ್ಟಣ. ಇದೇ ಕಲ್ಪನೆಯನ್ನು ಹೊತ್ತು ಡಾರ್ಜಿಲಿಂಗಿನ ಪದ್ಮಜಾ ನಾಯ್ಡು ಹಿಮಾಲಯ ಮೃಗಾಲಯಕ್ಕೆ ಹೋದವನಿಗೆ ಮೊದಲ ಅರ್ಧ ಗಂಟೆ ನಿರಾಶೆಯೇ ಗತಿ. ನನಗೂ ಆದುದು ಅದೇ.

ಸುಮಾರು 7,000 ಅಡಿ ಎತ್ತರದ ಬೆಟ್ಟದ ಮೈಯಲ್ಲಿ 1958ರಲ್ಲಿ ಸ್ಥಾಪಿತವಾದ ಈ ಮೃಗಾಲಯಕ್ಕೆ, ಒಂದು ಕಾಲದಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದ ಪದ್ಮಜಾ ನಾಯ್ಡು ಅವರ ಹೆಸರು ಬಂದುದು 1975ರಲ್ಲಿ. ಇಲ್ಲಿರುವುವು ಬಹುಮಟ್ಟಿಗೆ ಹಿಮಾಲಯದ ಚಳಿಗೆ ಹುಟ್ಟಿದ ಜೀವಿಗಳು: ಹಿಮಚಿರತೆ, ಟಿಬೆಟ್ಟಿನ ತೋಳ, ಕಪ್ಪು ಕರಡಿ, ಕೆಂಪು ಪಾಂಡಾ. ಅವುಗಳಲ್ಲಿ ಅರ್ಧ ಪಾಲು ನಿದ್ದೆಯಲ್ಲಿದ್ದುವು. ಉಳಿದರ್ಧವನ್ನು ಮಂಜು ನುಂಗಿತ್ತು.

ಕೆಂಪು ಪಾಂಡಾದ ಆವರಣದ ಮುಂದೆ ಜನ ಕಿಕ್ಕಿರಿದಿದ್ದರು. ಮರದ ಕವಲಿನಲ್ಲಿ, ಬೆಕ್ಕಿಗಿಂತ ತುಸು ದೊಡ್ಡದಾದ ಆ ಪ್ರಾಣಿ ಬಳೆಬಳೆಯ ಬಾಲವನ್ನು ಸುತ್ತಿಕೊಂಡು ಮಲಗಿತ್ತು. ಅದರ ಆಹಾರ ಬಹುತೇಕ ಬಿದಿರಿನ ಎಲೆ. ಎಲೆಯಲ್ಲಿ ಸತ್ತ್ವ ಕಡಿಮೆ. ಆದುದರಿಂದ ಹಗಲೆಲ್ಲ ಹೀಗೆ ಬಿದ್ದುಕೊಂಡು ಶಕ್ತಿಯನ್ನು ಉಳಿಸುವುದು ಅದರ ಜೀವನಕ್ರಮ. ಇದನ್ನು ಅರಿಯದ ಮಹನೀಯರೊಬ್ಬರು ಶಿಳ್ಳೆ ಹಾಕಿದರು, ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಕೊಟ್ಟ ಹಣಕ್ಕೆ ಪ್ರಾಣಿ ಎದ್ದು ಓಡಾಡಬೇಕೆಂಬುದು ಅವರ ನ್ಯಾಯ. ನಾನು ಶಿಳ್ಳೆ ಹಾಕಲಿಲ್ಲ, ನಿಜ; ಆದರೆ ಅದು ಎದ್ದಿದ್ದರೆ ಸಂತೋಷಪಡುತ್ತಿದ್ದೆ ಎಂಬುದನ್ನು ಮುಚ್ಚಿಡಲಾರೆ.

ಈ ಮೃಗಾಲಯದ ನಿಜವಾದ ಕೆಲಸ ನಮ್ಮ ಕಣ್ಣಿಗೆ ಬೀಳುವಂಥದಲ್ಲ. 1983ರಲ್ಲಿ ಹಿಮಚಿರತೆಗಳ ಸಂತಾನವನ್ನು ಬೆಳೆಸುವ ಪ್ರಯತ್ನ ಇಲ್ಲಿ ಆರಂಭವಾಯಿತು. ಮುಂದಿನ ದಶಕದಲ್ಲಿ ಕೆಂಪು ಪಾಂಡಾದ ಸರದಿ. ಒಂದೇ ರಕ್ತ ಮತ್ತೆ ಮತ್ತೆ ಕೂಡಿದರೆ ಸಂತತಿ ದುರ್ಬಲವಾಗುವುದೆಂದು, ಯಾವ ಮರಿ ಯಾರದೆಂಬುದನ್ನು ಜಾತಕ ಬರೆದಿಟ್ಟಂತೆ ಬರೆದಿಟ್ಟು, ಯೂರೋಪಿನ ಮೃಗಾಲಯಗಳಿಂದಲೂ ಸಂಬಂಧ ತಂದರು. ನಮ್ಮ ಮನೆಗಳಲ್ಲಿ ಗೋತ್ರ ನೋಡುವುದಕ್ಕಿಂತ ಕಟ್ಟುನಿಟ್ಟು! ಇದಕ್ಕಾಗಿ ತೋಪ್ಕೆದಾರಾ ಎಂಬಲ್ಲಿ ಪ್ರತ್ಯೇಕ ಸ್ಥಳವೇ ಇದೆ. ಅಲ್ಲಿ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಇರಕೂಡದು ಕೂಡ.

ಮೃಗವನ್ನು ಕೂಡಿಹಾಕುವುದು ನ್ಯಾಯವೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಮಟ್ಟಿಗೆ ಉತ್ತರ ಇಷ್ಟು: ಒಳಕ್ಕೆ ಕರೆದುಕೊಂಡ ಬಾಗಿಲು ಹೊರಕ್ಕೂ ತೆರೆಯುವಂತಿದ್ದರೆ ನ್ಯಾಯ. 2003ರಲ್ಲಿ ಇಲ್ಲಿ ಹುಟ್ಟಿ ಬೆಳೆದ ಎರಡು ಹೆಣ್ಣು ಪಾಂಡಾಗಳನ್ನು ನೇಪಾಳದ ಗಡಿಗೆ ಹತ್ತಿದ ಸಿಂಗಲೀಲಾ ಅರಣ್ಯಕ್ಕೆ ಬಿಟ್ಟರು. ಒಂದು ಬೇಟೆಮೃಗಕ್ಕೆ ಬಲಿಯಾಯಿತು. ಇನ್ನೊಂದು ಕಾಡಿನ ಗಂಡಿನೊಡನೆ ಕೂಡಿ ಅಲ್ಲಿಯೇ ಮರಿ ಹಾಕಿತು. ಸತ್ತುದನ್ನು ತೋರಿಸಿ ಇದೆಲ್ಲ ವ್ಯರ್ಥವೆನ್ನುವವರಿಗೆ ಹೇಳಬೇಕಾದುದು, ಕಾಡಿನಲ್ಲಿ ಹುಟ್ಟಿದ ಮೃಗಗಳೂ ಹಾಗೆಯೇ ಸಾಯುತ್ತವೆ ಎಂದು. ಆದರೆ ಎರಡು ಪ್ರಾಣಿಗಳಿಂದ ಒಂದು ವಂಶ ನಿಲ್ಲುವುದಿಲ್ಲ; ಐದು ವರ್ಷಗಳಲ್ಲಿ ಸುಮಾರು 20ನ್ನು ಬಿಡುವ ಯೋಜನೆಯನ್ನು 2022ರಲ್ಲಿ ಪ್ರಕಟಿಸಿದಾಗ ನನಗೆ ಸಮಾಧಾನವಾದುದು ಅದಕ್ಕೇ. ಸಿಂಗಲೀಲಾದ ಬಿದಿರು ಅಷ್ಟು ದಿನ ಉಳಿಯಬೇಕು, ಅಷ್ಟೆ. ಅದನ್ನು ಬೆಳೆಸುವುದು ಮೃಗಾಲಯದ ಕೈಯಲ್ಲಿಲ್ಲ.

ನಮ್ಮ ಮೃಗಾಲಯಗಳ ಹೆಬ್ಬಾಗಿಲಿನಲ್ಲಿ, ಒಳಗೆ ಎಷ್ಟು ಬಗೆಯ ಪ್ರಾಣಿಗಳಿವೆಯೆಂದು ಫಲಕ ಹಾಕುತ್ತಾರೆ. ಇಲ್ಲಿಂದ ಎಷ್ಟು ಹೊರಟುಹೋದುವೆಂದೂ ಬರೆಯಲಿ. ಅಂಕಿ ಚಿಕ್ಕದಾದರೆ ಚಿಕ್ಕದೆಂದೇ ಬರೆಯಲಿ.

ಹಿಂದಿರುಗುವಾಗ ಮತ್ತೆ ಆ ಮರದ ಕೆಳಗೆ ನಿಂತೆ. ಶಿಳ್ಳೆಯವರು ಹೋಗಿದ್ದರು. ಪಾಂಡಾ ಮಗ್ಗುಲು ಬದಲಿಸಿತ್ತು. ಈಗ ಮುಖವೂ ಕಾಣುತ್ತಿರಲಿಲ್ಲ.